ಈಶ್ವರಿ ಬಳ್ಳಿಯ ಕೊಳ್ಳ

ಸತ್ಯನಾರಾಯಣಪೇಟೆ, ಬಳ್ಳಾರಿ
೧೮ ಆಗಸ್ಟ್ ೧೯೭೪

ಪ್ರೀತಿಯ ಅಣ್ಣನಿಗೆ ಅಕ್ಕನಾಗಮ್ಮನ ಶರಣು.

ಕಲ್ಕತ್ತೆಯಿಂದ ಉತ್ತರ ಬಂತು! ಕಾಲೇಜಿನ ಜವಾನ ಲಕೋಟೆ ತಂದುಕೊಟ್ಟಾಗ ನಾನು ಬೋರ್ಡಿನ ಮೇಲೆ ಕಪ್ಪೆಯ ಹೃದಯದ ಚಿತ್ರ ಬರೆಯುತ್ತಿದ್ದೆ. ತಡೆಯಲಾರದೆ ಹುಡುಗಿಯರ ಎದುರಿಗೇ ಒಡೆದು ಓದಿಬಿಟ್ಟೆ.

ಹೋದ ತಿಂಗಳು ನಾನು ಕುರುಗೋಡಿಗೆ ಬಂದಾಗ ಗುಡ್ಡದ ಹಿಂದಿನ ಕೊಳ್ಳದಲ್ಲಿ ನಾವಿಬ್ಬರೂ ಒಂದು ಪಾತರಗಿತ್ತಿ ನೋಡಿದೆವಲ್ಲ. ಕಪ್ಪು ರೆಕ್ಕೆ, ಕೆಂಪು ಹೊಟ್ಟೆ, ಹಿಂದಿನ ರೆಕ್ಕೆಯ ಅಂಚಿಗೆ ಅರಿಸಿನದ ಬೊಟ್ಟು ಇಟ್ಟಂತೆ ಇತ್ತು. ಅದರ ಚಿತ್ರ ಬರೆದು ಅಲ್ಲಿನ ಸಂಗ್ರಹಾಲಯಕ್ಕೆ ಕಳಿಸಿದ್ದೆ. ಕೆಂಪು ಬೊಟ್ಟಿನದು ಎಲ್ಲ ಕಡೆ ಸಿಗುತ್ತದಂತೆ. ಹಳದಿ ಬೊಟ್ಟಿನದು ನಮ್ಮ ಒಣಗುಡ್ಡಗಳಲ್ಲಿ ಮಾತ್ರ ಇದ್ದದ್ದು, ಅರವತ್ತು ವರ್ಷಗಳಿಂದ ಯಾರೂ ಕಂಡಿಲ್ಲ, ಅದು ಅಳಿದುಹೋಯಿತೆಂದೇ ತಿಳಿದಿದ್ದೆವು ಎಂದು ಬರೆದಿದ್ದಾರೆ. ಅಳಿದುಹೋದದ್ದು ನಮ್ಮ ಹೊಲದ ಪಕ್ಕದಲ್ಲಿ ಹಾರಾಡಿಕೊಂಡಿದೆ, ಅಣ್ಣ!

ಈಗ ಒಂದು ಕೇಳುತ್ತೇನೆ, ಇಲ್ಲ ಎನ್ನಬೇಡ. ಈ ಪಾತರಗಿತ್ತಿ ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಮೇಲೆ ಮಾತ್ರ. ಹುಳಗಳು ಬೇರೆ ಎಲೆಯನ್ನು ಮುಟ್ಟುವುದಿಲ್ಲ, ಹಸಿದು ಸಾಯುತ್ತವೆ. ಹಾವು ಕಚ್ಚಿದವರಿಗೆ ಅಪ್ಪ ತೇಯ್ದು ಕೊಡುತ್ತಿದ್ದ ಬೇರು ಅದೇ ಬಳ್ಳಿಯದು. ಅಪ್ಪನ ಕಾಲಕ್ಕೆ ವರ್ಷಕ್ಕೊಂದು ಪುಟ್ಟಿ ಬೇರು ಸಾಕಾಗುತ್ತಿತ್ತು. ಈ ಸಲ ಕೊಳ್ಳದ ತುಂಬ ಅಗೆದ ಗುಂಡಿ ಕಂಡೆ. ಯಾರು ಅಗೆಯುತ್ತಿದ್ದಾರೆ? ಈ ಒಂದು ವರ್ಷ ನಿಲ್ಲಿಸು. ಬಳ್ಳಿ ಹೋದರೆ ಅದೂ ಹೋಯಿತು.

ಅತ್ತಿಗೆಗೆ ಹೇಳು, ಅವಳು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ನಾಲ್ಕು ದಿನ ಬಂತು.

ನಿನ್ನ ತಂಗಿ,
ನಾಗಮ್ಮ

*

ಶ್ರೀ ಗುರು ಬಸವಲಿಂಗಾಯ ನಮಃ

ಕುರುಗೋಡು
೨ ಸೆಪ್ಟೆಂಬರ್ ೧೯೭೪

ತಂಗಿ ಅಕ್ಕನಾಗಮ್ಮನಿಗೆ ಮರಿಬಸಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ನಿನ್ನ ಅತ್ತಿಗೆ ಸಾವಂತ್ರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳಿದಳು. "ಕಲ್ಕತ್ತಾದೋರಿಗೆ ಹುಳಾ ಹುಪ್ಪಡಿ ಮ್ಯಾಲೆ ಇಷ್ಟು ಪ್ರೀತಿ ಇದ್ರ, ನಮ್ಮ ನಾಗಮ್ಮಗ ಒಂದು ಗಂಡು ಹುಡುಕಿ ಕೊಡಾಕ ಬರೀರಿ ಅವರಿಗೆ" ಅಂದಳು. ಸಿಟ್ಟಾಗಬೇಡ.

ನೀನು ಕೇಳಿದ್ದು ದೊಡ್ಡದಲ್ಲ. ಆದರೆ ಇಲ್ಲಿಯದನ್ನೂ ತಿಳಿದುಕೋ. ಕಾಲುವೆ ಬಂದು ಸಿರುಗುಪ್ಪದ ಕಡೆ ನೆಲವೆಲ್ಲ ಭತ್ತದ ಗದ್ದೆಯಾದ ಮೇಲೆ ಇಲಿ ಹೆಚ್ಚಿದವು, ಇಲಿಯ ಹಿಂದೆ ಹಾವು ಬಂದವು. ವಾರಕ್ಕೆ ಒಬ್ಬರಾದರೂ ನಮ್ಮ ಕಟ್ಟೆಗೆ ಬರುತ್ತಾರೆ. ಮೊನ್ನೆ ಒಬ್ಬನನ್ನು ಬಂಡಿಯಲ್ಲಿ ತಂದರು. ಬೇರು ಕೊಟ್ಟೆ. ಸಂಜೆಗೆ ಎದ್ದು ಕೂತು ಅಂಬಲಿ ಕುಡಿದ. ಅವನ ತಾಯಿ ನನ್ನ ಕಾಲಿಗೆ ಬಿದ್ದಾಗ ನಾನು ಅಪ್ಪನ ಭಾವಚಿತ್ರ ತೋರಿಸಿದೆ. ಕಾಸು ಮುಟ್ಟಬಾರದು, ಬಂದವರನ್ನು ಹಿಂದಕ್ಕೆ ಕಳಿಸಬಾರದು ಎಂದು ಅಪ್ಪ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡದ್ದನ್ನು ನೀನೂ ನೋಡಿದ್ದೆ.

ಗುಂಡಿಗಳ ವಿಷಯ ವಿಚಾರಿಸುತ್ತೇನೆ. ಕಾಡುಹಂದಿಗಳ ಕೆಲಸ ಇದ್ದೀತು.

ಶೀಗೆ ಹುಣ್ಣಿಮೆಗೆ ಬಾ.

ಮರಿಬಸಪ್ಪ

*

ಬಳ್ಳಾರಿ
೨೦ ಅಕ್ಟೋಬರ್ ೧೯೭೪

ಅಣ್ಣನವರಿಗೆ,

ಪರೀಕ್ಷೆಯ ಕೆಲಸಕ್ಕೆಂದು ಮೊನ್ನೆ ಸಿರುಗುಪ್ಪಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣಗಳ ಸರ ತೂಗುಬಿಟ್ಟಿದ್ದರು. "ಕುರುಗೋಡು ಕೊಟ್ಟೂರಪ್ಪನವರ ವಿಷಹಾರಿ ಪುಡಿ" ಎಂದು ಮೇಲೆ ಅಚ್ಚು. ನಮ್ಮ ಅಪ್ಪನ ಹೆಸರನ್ನು ಬೆಂಕಿಪೊಟ್ಟಣಗಳ ಪಕ್ಕದಲ್ಲಿ ಓದಿದೆ.

ಅಂಗಡಿಯವನನ್ನು ಕೇಳಿದೆ. "ಪಕ್ಕೀರಪ್ಪನ ಮಾಲು ರೀ ಅಕ್ಕಾರ. ಕುರುಗೋಡಿನ ಮರಿಬಸಪ್ಪನೋರು ತಮ್ಮ ಕೊಳ್ಳಾನ ಬಿಟ್ಟುಕೊಟ್ಟಾರ. ಚೀಲಗಟ್ಲೆ ಬೇರು ಬರ್ತಾವು" ಅಂದ.

ನೀವು ಕಾಡುಹಂದಿ ಎಂದು ಬರೆದಿರಿ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಾನೂ ಹೇಳಿಬಿಡುತ್ತೇನೆ. ನನಗೆ ಗುರುತಿನ ಡಾಕ್ಟರರನ್ನು ಈ ಬೇರಿನ ಬಗ್ಗೆ ಕೇಳಿದೆ. ಹಾವಿನ ವಿಷದ ಎದುರು ಅದು ಏನೂ ಮಾಡುವುದಿಲ್ಲ. ನಮ್ಮ ಕಡೆ ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರಿದೆ ಕಚ್ಚುತ್ತದೆ. ಅಪ್ಪನ ಕೈಯಲ್ಲಿ ಬದುಕಿದವರು ಬೇರಿಲ್ಲದೆಯೂ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ದವಾಖಾನೆಯ ಸೂಜಿಮದ್ದು ಒಂದೇ ದಾರಿ. ನೀವು ಬೇರು ತೇಯುತ್ತ ಕೂತಷ್ಟು ಹೊತ್ತು ಅವರ ಆಯುಷ್ಯ ಕಡಿಮೆಯಾಗುತ್ತದೆ.

ಬಳ್ಳಿಗೆ ಬಳ್ಳಿ ಹೋಯಿತು, ಮನುಷ್ಯರಿಗೂ ಉಪಯೋಗವಿಲ್ಲ. ಯಾರಿಗಾಗಿ ಅಗೆಸುತ್ತಿದ್ದೀರಿ?

ಅಕ್ಕನಾಗಮ್ಮ

*

ಬಳ್ಳಾರಿ
೧೦ ಡಿಸೆಂಬರ್ ೧೯೭೪

ಅಣ್ಣ,

ಅಕ್ಟೋಬರದ ಪತ್ರಕ್ಕೆ ಉತ್ತರ ಬರಲಿಲ್ಲ. ನವೆಂಬರದ್ದಕ್ಕೂ ಬರಲಿಲ್ಲ. ನೀನು ಸಿಟ್ಟಾಗಿದ್ದೀ ಎಂದು ಗೊತ್ತು. ಅಪ್ಪನ ಮಾತು ತೆಗೆಯಬಾರದಿತ್ತು. ಆದರೆ ಸಿಟ್ಟಿನಲ್ಲಿ ಬರೆದದ್ದೆಲ್ಲ ಸುಳ್ಳಾಗುವುದಿಲ್ಲ.

ಕೊಳ್ಳದ ಕೆಳಗಿನ ಅರ್ಧ ನಮ್ಮ ಪಟ್ಟಾ ಜಮೀನು, ಮೇಲಿನ ಅರ್ಧ ಸರಕಾರದ್ದು. ಮೇಲಿನದನ್ನಾದರೂ ಉಳಿಸಬೇಕೆಂದು ಅರಣ್ಯ ಇಲಾಖೆಗೆ ಅರ್ಜಿ ಹಾಕಿದ್ದೇನೆ. ಗಾರ್ಡು ಬಂದರೆ ಸಮಾಧಾನದಿಂದ ಮಾತನಾಡು.

ಒಂದು ಸಾಲಾದರೂ ಬರೆ.

ನಾಗಮ್ಮ

*

ಕುರುಗೋಡು
೧೨ ಜನವರಿ ೧೯೭೫

ಅಕ್ಕನಾಗಮ್ಮನಿಗೆ,

ಗಾರ್ಡು ಬಂದಿದ್ದ. ಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದಾಗಲೇ ಬಂದ. ಸಮಾಧಾನದಿಂದ ಮಾತನಾಡು ಎಂದಿದ್ದೆಯಲ್ಲ, ಕೂಡಿಸಿ ನೀರು ಕೊಟ್ಟೆ. "ಅರ್ಜಿ ಕೊಟ್ಟೋರು ನಿಮ್ಮ ತಂಗೀನಽ ರೀ ಸಾವಕಾರ್ರ. 'ನನ್ನ ಅಣ್ಣನೇ ಬೇರು ತೆಗೆಸುತ್ತಿದ್ದಾನೆ' ಅಂತ ಬರದಾರ" ಎಂದು ನಿನ್ನ ರುಜು ತೋರಿಸಿದ. ಕೂತವರು ಒಬ್ಬೊಬ್ಬರಾಗಿ ಎದ್ದು ಹೋದರು.

ಪಕ್ಕೀರಪ್ಪನಿಗೆ ಕೊಳ್ಳ ಬಿಟ್ಟುಕೊಟ್ಟದ್ದು ನಿಜ. ಸಿರುಗುಪ್ಪದ ಗದ್ದೆಯಲ್ಲಿ ಹಾವು ಕಚ್ಚಿದವನು ಕುರುಗೋಡಿಗೆ ಬರುವುದರೊಳಗೆ ಹೊತ್ತಾಗುತ್ತದೆ, ಪುಡಿ ಅಲ್ಲೇ ಸಿಗಲಿ ಎಂದು ಕೊಟ್ಟೆ. ನಿನಗೆ ಹೇಳಲಿಲ್ಲ, ಹೇಳಿದರೆ ನೀನು ಹೀಗೆಯೇ ಮಾಡುತ್ತಿದ್ದೆ.

ನವೆಂಬರದಿಂದ ನಮ್ಮ ಕಟ್ಟೆಗೆ ಯಾರೂ ಬರುತ್ತಿಲ್ಲ. ನಾವು ಕ್ಷೇಮವಾಗಿದ್ದೇವೆ.

ಸಂಕ್ರಾಂತಿಗೆ ನೀನು ಬರುವುದು ಬೇಡ.

ಮರಿಬಸಪ್ಪ

*

ಬಳ್ಳಾರಿ
೨ ಮಾರ್ಚ್ ೧೯೭೫

ಅಣ್ಣ,

ಬರಬೇಡ ಎಂದೆ, ಬರಲಿಲ್ಲ. ಇಲ್ಲೇ ಪಕ್ಕದ ಮನೆಯ ಗಾದೆಮ್ಮ ಎಳ್ಳು ಬೆಲ್ಲ ಕೊಟ್ಟಳು.

ಆದರೂ ನಿನ್ನ ಪತ್ರದಲ್ಲಿ ಒಂದು ಸಾಲು ಓದಿ ನನಗೆ ನೆಮ್ಮದಿಯಾಯಿತು. ಕಟ್ಟೆಗೆ ಯಾರೂ ಬರುತ್ತಿಲ್ಲ ಎಂದೆಯಲ್ಲ. ಜನ ದವಾಖಾನೆಯ ದಾರಿ ಹಿಡಿದರೆಂದು ತಿಳಿದೆ. ಒಳ್ಳೆಯದೇ ಆಯಿತು. ನಿನ್ನ ಹೆಗಲ ಮೇಲಿನ ಭಾರವೂ ಇಳಿಯಿತು.

ನಾನು ಕುಂಡಗಳಲ್ಲಿ ಈಶ್ವರಿ ಬಳ್ಳಿಯ ತುಂಡು ನೆಟ್ಟಿದ್ದೆ. ಒಂದೂ ಚಿಗುರಲಿಲ್ಲ. ಬಳ್ಳಾರಿಯ ಬಿಸಿಲಿನ ಮುಂದೆ ನನ್ನ ವಿದ್ಯೆ ನಡೆಯಲಿಲ್ಲ. ಕೊಳ್ಳದಲ್ಲಿ ಎಷ್ಟು ಉಳಿದಿದೆ? ಬೇರಿನ ತುದಿ ನೆಲದಲ್ಲಿ ಉಳಿದಿದ್ದರೆ ಮಳೆಗೆ ಮತ್ತೆ ಬರುತ್ತದೆ. ಒಮ್ಮೆ ಹೋಗಿ ನೋಡಿ ಬರೆ.

ಅತ್ತಿಗೆಯ ಮೊಣಕಾಲು ನೋವು ಹೇಗಿದೆ?

ನಾಗಮ್ಮ

*

ಕುರುಗೋಡು
೨೦ ಜುಲೈ ೧೯೭೫

ತಂಗಿ,

ಈ ಪತ್ರ ನಿನಗೆ ಕಲ್ಕತ್ತೆಯಲ್ಲಿ ಸಿಗುತ್ತದೆ. ನೀನು ಅಲ್ಲಿರುವುದು ನನಗೆ ಹೇಗೆ ಗೊತ್ತಾಯಿತೆಂದು ಕೊನೆಗೆ ಬರೆಯುತ್ತೇನೆ. ಮೊದಲು ಆದದ್ದನ್ನು ಕೇಳು.

ಹೋದ ಸೋಮವಾರ ಮಧ್ಯಾಹ್ನ ಉಚ್ಚಂಗೆಪ್ಪ ತನ್ನ ಹೆಂಡತಿ ಸುಂಕಲಮ್ಮನನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿ ಬಂದ. ಗಂಡ ಹೆಂಡತಿ ಇಬ್ಬರೂ ಪಕ್ಕೀರಪ್ಪನಿಗೆ ಬೇರು ಅಗೆಯುವ ಕೂಲಿಯವರು. ನಮ್ಮ ಕೊಳ್ಳದಲ್ಲೇ ಬಂಡೆಯ ಸಂದಿಗೆ ಕೈ ಹಾಕಿದಾಗ ಕೊಳಕುಮಂಡಲ ಕಚ್ಚಿತ್ತು. ಹಾವನ್ನು ಉಚ್ಚಂಗೆಪ್ಪ ಕಣ್ಣಾರೆ ನೋಡಿದ್ದ. ಅವಳ ಕೈ ಮೊಣಕೈವರೆಗೆ ಊದಿಕೊಂಡಿತ್ತು, ವಸಡಿನಲ್ಲಿ ರಕ್ತ ಒಸರುತ್ತಿತ್ತು.

"ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಬೇರು ತೇದು ಕೊಡ್ರಿ" ಅಂದ.

ನಾನು ಒಳಗೆ ಹೋಗಿ ಬೇರು ತಂದೆ. ಸಾಣೆಕಲ್ಲಿನ ಮೇಲೆ ನೀರು ಹಾಕಿದೆ. ಅಷ್ಟೇ, ಕೈ ಮುಂದಕ್ಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ನಿನಗೆ ಹೇಳಬೇಕು. ಹೋದ ನವೆಂಬರದಲ್ಲಿ ಸಿರಿಗೇರಿಯಿಂದ ಒಬ್ಬ ಹರೆಯದವನನ್ನು ತಂದಿದ್ದರು. ಬೇರು ವಿಷಕ್ಕೆ ನಡೆಯುವುದಿಲ್ಲವೆಂದು ನೀನು ಬರೆದ ಪತ್ರ ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಿನ್ನ ಮೇಲಿನ ಸಿಟ್ಟಿಗೆ ಮೂರು ಸಲ ತೇಯ್ದು ಕುಡಿಸಿದೆ. ನಮ್ಮ ಕಟ್ಟೆಯ ಮೇಲೆಯೇ ಅವನ ಉಸಿರು ನಿಂತಿತು. ಕಟ್ಟೆಗೆ ಯಾರೂ ಬರುತ್ತಿಲ್ಲ ಎಂದು ನಾನು ಬರೆದದ್ದು ಅದಕ್ಕೆ. ಅದನ್ನು ಓದಿ ನೆಮ್ಮದಿಯಾಯಿತು ಎಂದು ನೀನು ಬರೆದೆ. ಆ ಪತ್ರಕ್ಕೆ ಉತ್ತರ ಹೇಗೆ ಬರೆಯಲಿ?

ಬೇರನ್ನು ಕೆಳಗಿಟ್ಟು "ಬಳ್ಳಾರಿ ದವಾಖಾನಿಗೆ ಒಯ್ಯೋಣು" ಅಂದೆ. ನೆರೆದವರು ಗುಲ್ಲು ಮಾಡಿದರು. ಬೇರಿನ ಚೀಲ ಒಯ್ಯಲು ಬಂದ ಪಕ್ಕೀರಪ್ಪನ ಜೀಪು ಬೇವಿನ ಮರದ ಕೆಳಗೆ ನಿಂತಿತ್ತು. ಅವನನ್ನು ಜೀಪು ಕೇಳಿದೆ.

"ಏನು ಮಾತಾಡ್ತೀರಿ ಸಾವಕಾರ್ರ? ನಿಮ್ಮ ಬಾಗಿಲಿನಿಂದ ದವಾಖಾನಿಗೆ ಒಯ್ದ್ರ ನಾಳೆ ಈ ಬೇರು ಯಾರು ನಂಬತಾರ? ನಿಮ್ಮಪ್ಪಾರ ಹೆಸರು ಮಣ್ಣುಪಾಲು ಮಾಡ್ತೀರೇನು?"

"ಅಕಿ ಸಾಯಾಕತ್ಯಾಳಲೇ!"

"ಸಾಯೋದು ಬದುಕೋದು ದೇವರ ಕೈಯಾಗ ಐತಿ. ನೀವು ಬೇರು ಕೊಡ್ರಿ."

ಅಷ್ಟರಲ್ಲಿ ಧಪ್ ಧಪ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ನಿನ್ನ ಅತ್ತಿಗೆ, ಮೊಣಕಾಲು ನೋವಿನವಳು, ಜೀಪಿನ ಹಿಂದೆ ಹತ್ತಿ ಬೇರಿನ ಚೀಲಗಳನ್ನು ಒಂದೊಂದಾಗಿ ನೆಲಕ್ಕೆ ದಬ್ಬುತ್ತಿದ್ದಾಳೆ. "ಜಾಗ ಆತು. ಮಲಗಸ್ರಿ ಅಕಿನ್ನ" ಅಂದಳು. ಡ್ರೈವರನಿಗೆ "ಏನಪಾ, ನಿಮ್ಮವ್ವಗ ಕಚ್ಚಿದ್ರ ಹಿಂಗಽ ನೋಡ್ಕೋತ ಕುಂದರತಿದ್ದೇನು?" ಅಂದಳು. ಅವನು ಪಕ್ಕೀರಪ್ಪನ ಮುಖ ನೋಡಲಿಲ್ಲ, ಗಾಡಿ ಚಾಲೂ ಮಾಡಿದ. ಉಚ್ಚಂಗೆಪ್ಪನೂ ನಾನೂ ಸುಂಕಲಮ್ಮನನ್ನು ಎತ್ತಿ ಮಲಗಿಸಿದೆವು. ಅವಳನ್ನು ನಾನು ಮುಟ್ಟಿ ಎತ್ತಿದ್ದು ಕಂಡು ಓಣಿಯ ಕೆಲವರು ಮುಖ ತಿರುಗಿಸಿದರು. ತಿರುಗಿಸಲಿ.

ದಾರಿಯುದ್ದಕ್ಕೂ ಅವಳು "ಬೇರು ಕೊಟ್ಟೀರೇನ್ರಿ?" ಎಂದು ಕೇಳುತ್ತಲೇ ಇದ್ದಳು. "ಕೊಟ್ಟೀನವ್ವಾ" ಎಂದು ಸುಳ್ಳು ಹೇಳಿದೆ. ದವಾಖಾನೆಯಲ್ಲಿ ಸೂಜಿ ಚುಚ್ಚಿ, ಬಾಟಲಿ ಹಚ್ಚಿದರು. ಬದುಕುತ್ತಾಳೆ, ಕೈಯ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು.

ಆಮೇಲೆ ನಿನ್ನನ್ನು ನೋಡಬೇಕೆನಿಸಿತು. ಸತ್ಯನಾರಾಯಣಪೇಟೆಗೆ ನಡೆದು ಹೋದೆ. ನಿನ್ನ ಬಾಗಿಲಿಗೆ ಬೀಗ. ನಿನ್ನ ವಿಳಾಸ ಕೊಟ್ಟು ಗಾದೆಮ್ಮನೇ ಹೇಳಿದಳು: "ಕಲ್ಕತ್ತಾಕ ಹೋಗ್ಯಾರಲ್ರಿ, ನಿಮಗ ಗೊತ್ತಿಲ್ಲೇನು? ಗಾಜಿನ ಪೆಟ್ಟಿಗ್ಯಾಗ ಸೂಜಿ ಚುಚ್ಚಿದ ಪಾತರಗಿತ್ತಿ ತಗೊಂಡು ಹೋದ್ರು. ಹೋದ ವರ್ಷ ದೀಪಾವಳಿ ಮುಂದ ನಿಮ್ಮ ಊರಿಗೇ ಬಂದು ಹಿಡಕೊಂಡು ಬಂದಿದ್ರು."

ಊರಿಗೆ ಬಂದು ಮನೆಗೆ ಬರದೆ ಹೋದೆ. ಬಳ್ಳಿ ಮುಟ್ಟಬೇಡ ಎಂದು ನನಗೆ ಬರೆದ ಕೈಯಿಂದಲೇ ಅವನ್ನು ಹಿಡಿದು ಕೊಂದೆ. ಎಷ್ಟು ಕೊಂದೆ, ನಾಗಮ್ಮ?

ಮರಿಬಸಪ್ಪ

*

ಕಲ್ಕತ್ತೆ
೩ ಆಗಸ್ಟ್ ೧೯೭೫

ಅಣ್ಣ,

ನಾಲ್ಕು.

ಕೊಳ್ಳದಲ್ಲಿ ಅಂದು ನಾನು ಕಂಡದ್ದೇ ಏಳೋ ಎಂಟೋ. ಚಿತ್ರ ಸಾಲದು, ವಸ್ತು ಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದು ಇಲ್ಲಿಯವರು ಬರೆದಿದ್ದರು. ಬಲೆ ಹಾಕುವಾಗ ನನ್ನ ಹೆಸರು ಅಚ್ಚಾಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಮನೆಗೆ ಬಂದರೆ ನೀನು ಡಬ್ಬಿಯಲ್ಲಿ ಏನಿದೆ ಎಂದು ಕೇಳುತ್ತೀ ಎಂದು ಬರಲಿಲ್ಲ.

ಇಲ್ಲಿ ಮೂರು ತಿಂಗಳ ತರಬೇತಿ ಎಂದು ಬಂದವಳು. ಈಗ ಇನ್ನೂ ಮೂರು ತಿಂಗಳು ಇರು ಎನ್ನುತ್ತಿದ್ದಾರೆ. ನನ್ನ ಲೇಖನ ಸಿದ್ಧವಾಗಿದೆ. ಸಿಕ್ಕ ಊರಿನ ಹೆಸರು, ಕೊಳ್ಳದ ಗುರುತು ಬರೆಯದೆ ಅಚ್ಚು ಹಾಕುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಹೋದ ವಾರ ಹೊರದೇಶದ ಸಂಗ್ರಹಗಾರನೊಬ್ಬ ಬಂದು ನನ್ನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದ. "ಎಲ್ಲಿ ಸಿಕ್ಕಿತು?" ಎಂದು ಎರಡು ಸಲ ಕೇಳಿದ. ಅವನಿಗೆ ಗೊತ್ತಾದರೆ ಕೊಳ್ಳದಲ್ಲಿ ಒಂದೂ ಉಳಿಯದು. ನಾನು ಊರಿನ ಹೆಸರು ಕೊಡಲಿಲ್ಲ. ಲೇಖನ ವಾಪಸು ಬಂತು.

ಸಿರಿಗೇರಿಯವನ ಸುದ್ದಿ ಓದಿ, ಮಾರ್ಚಿನಲ್ಲಿ ನಾನು ಬರೆದದ್ದನ್ನು ನೆನೆದು ನಾಚಿಕೆಯಾಯಿತು. ನಿನ್ನ ಮೌನವೆಲ್ಲ ಸಿಟ್ಟು ಎಂದುಕೊಂಡೆ. ಬೇರೆ ಏನಾದರೂ ಇರಬಹುದೆಂದು ಹೊಳೆಯಲೇ ಇಲ್ಲ.

ಸುಂಕಲಮ್ಮನ ಕೈ ಹೇಗಿದೆ?

ನಾಗಮ್ಮ

*

ಕುರುಗೋಡು
೬ ಅಕ್ಟೋಬರ್ ೧೯೭೫

ತಂಗಿ,

ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ.

ಸುಂಕಲಮ್ಮ ಮನೆಗೆ ಬಂದಳು. ಎರಡು ಬೆರಳು ಹೋದವು. ಪಕ್ಕೀರಪ್ಪನಿಗೆ ನಮ್ಮ ಪಟ್ಟಾದಲ್ಲಿ ಕಾಲಿಡಬೇಡ ಎಂದೆ. ನಾನು ಬೇರು ಕೊಡುವುದು ಬಿಟ್ಟ ಸುದ್ದಿ ಸಿರುಗುಪ್ಪದವರೆಗೆ ಹೋಗಿ ಅವನ ಪೊಟ್ಟಣ ಕೇಳುವವರು ಕಡಿಮೆಯಾಗಿದ್ದಾರಂತೆ.

ಮಳೆ ಚೆನ್ನಾಗಿ ಆಯಿತು. ನೀನು ಹೇಳಿದಂತೆ ಅಲ್ಲಲ್ಲಿ ಬಳ್ಳಿ ಚಿಗುರಿತು. ಪಾತರಗಿತ್ತಿಯೂ ಬಂದವು, ಮೊಟ್ಟೆ ಇಟ್ಟವು. ಸಂತೋಷಪಟ್ಟೆವು. ಈಗ ನೋಡಿದರೆ ಹುಳ ಬಹಳ, ಎಲೆ ಕಡಿಮೆ. ಕಪ್ಪು ಹುಳಗಳು ಎಲೆ ಮುಗಿಸಿ, ಕಾಯಿ ಮುಗಿಸಿ, ದಂಟನ್ನು ಕಡಿಯುತ್ತಿವೆ. ನಿನ್ನೆ ಕೆಲವು ಬರಿ ಬಂಡೆಯ ಮೇಲೆ ಅಲೆಯುತ್ತಿದ್ದವು. ಸಾವಂತ್ರಮ್ಮ ಎಕ್ಕದ ಎಲೆ, ಬೇವಿನ ಎಲೆ ಇಟ್ಟು ನೋಡಿದಳು. ಮೂಸಿ ಮುಂದೆ ಹೋಗುತ್ತವೆ.

ಸಿರುಗುಪ್ಪದ ಕಾಲುವೆ ದಂಡೆಯ ತೋಟದಲ್ಲಿ ಪಕ್ಕೀರಪ್ಪ ನಮ್ಮ ಕೊಳ್ಳದ್ದೇ ಬಳ್ಳಿ ಒಯ್ದು ನೆಟ್ಟಿದ್ದಾನೆ. ಬೇಲಿಯ ತುಂಬ ಹಬ್ಬಿದೆಯಂತೆ. ಎಲೆ ಕೊಡುತ್ತೀಯಾ ಎಂದು ಹೇಳಿಕಳಿಸಿದೆ. "ಬಂಡಿ ತುಂಬಿಕೊಂಡು ಹೋಗ್ರಿ ಸಾವಕಾರ್ರ. ಒಂದು ದಿನ ನನ್ನ ಅಂಗಡಿ ಗಾದಿ ಮ್ಯಾಲೆ ಕುಂತು ನಿಮ್ಮ ಕೈಲೆ ಪೊಟ್ಟಣ ಕೊಡ್ರಿ, ಅಷ್ಟಽ ಸಾಕು" ಎಂದು ಹೇಳಿಕಳಿಸಿದ್ದಾನೆ.

ಏನು ಮಾಡಲಿ? ಬೇಗ ಬರೆ.

ಮರಿಬಸಪ್ಪ

*

ಕಲ್ಕತ್ತೆ
೧೩ ಅಕ್ಟೋಬರ್ ೧೯೭೫

ಅಣ್ಣ,

ಹೋಗು. ಕೂತು ಬಾ. ಒಂದು ದಿನದ ಮಾತು. ನಾಲ್ಕು ಪೊಟ್ಟಣ ಹೆಚ್ಚು ಹೋದರೆ ಹೋಗಲಿ. ಈ ಹುಳಗಳು ಸತ್ತರೆ ಮುಂದಿನ ವರ್ಷಕ್ಕೆ ಏನೂ ಇರುವುದಿಲ್ಲ, ಜಗತ್ತಿನಲ್ಲೇ ಎಲ್ಲೂ ಇರುವುದಿಲ್ಲ. ಅವನು ಏನು ಕೇಳುತ್ತಾನೋ ಒಪ್ಪಿಕೋ.

ನಾಗಮ್ಮ

*

ಕಲ್ಕತ್ತೆ
೧೪ ಅಕ್ಟೋಬರ್ ೧೯೭೫

ಅಣ್ಣ,

ನಿನ್ನೆಯ ಪತ್ರ ಹರಿದು ಹಾಕು. ಹೋಗಬೇಡ. ನಾಲ್ಕು ಪೊಟ್ಟಣ ಎಂದೆ, ನಾಲ್ಕು ಮನೆ ಎನ್ನಬೇಕಿತ್ತು. ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಟಪಾಲು ಕಚೇರಿಗೆ ಓಡಿದೆ, ಚೀಲ ಆಗಲೇ ಹೊರಟುಹೋಗಿತ್ತು. ಇದು ಮೊದಲು ಸಿಗಲಿ ಎಂದು ಬೇಡುತ್ತಿದ್ದೇನೆ.

ನಾಗಮ್ಮ

*

ಶ್ರೀ ಗುರು ಬಸವಲಿಂಗಾಯ ನಮಃ

ಕುರುಗೋಡು
೯ ನವೆಂಬರ್ ೧೯೭೫

ತಂಗಿ ನಾಗಮ್ಮನಿಗೆ ಆಶೀರ್ವಾದ.

ನಿನ್ನ ಎರಡೂ ಪತ್ರ ಒಂದೇ ಟಪಾಲಿಗೆ ಬಂದವು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಕಾಯಲಿಲ್ಲ. ದಿನ ಬೆಳಗಾದರೆ ಬಂಡೆಯ ಮೇಲೆ ಸತ್ತ ಹುಳ ಬಿದ್ದಿರುತ್ತಿದ್ದವು. ಅವನ್ನು ನೋಡಲಾರದೆ ಒಂದು ರಾತ್ರಿ ಉಚ್ಚಂಗೆಪ್ಪನನ್ನು ಬಂಡಿಯೊಂದಿಗೆ ಮುಂದೆ ಕಳಿಸಿ, ಬೆಳಿಗ್ಗೆ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ಕೂತು ಕೊಡುವುದೆಂದೇ ಹೋದೆ. ಆ ಎರಡರಲ್ಲಿ ಮೊದಲನೆಯದನ್ನು ಬರೆದವಳು ನೀನೊಬ್ಬಳೇ ಅಲ್ಲ, ನಾನೂ ಅದನ್ನೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಪಕ್ಕೀರಪ್ಪ ಹೂವಿನ ಹಾರ ತರಿಸಿದ್ದ. ಗಾದಿಯ ಮೇಲೆ ಕೂಡಿಸಿದ. ಹಿಂಬಾಗಿಲಿನಿಂದ ತೋಟ ಕಾಣುತ್ತಿತ್ತು. ಬೇಲಿಯ ಮೇಲೆ ಬಳ್ಳಿ ಅಂದರೆ ಬಳ್ಳಿ, ಹಸಿರು ಕಂಬಳಿ ಹೊದಿಸಿದ ಹಾಗೆ. ಉಚ್ಚಂಗೆಪ್ಪ ಬಂಡಿಯಲ್ಲಿ ಖಾಲಿ ಚೀಲ ಹಾಸಿಕೊಂಡು ಕಾಯುತ್ತಿದ್ದ.

ಜನ ಸೇರಿದರು. ಮೊದಲಿಗೆ ಒಬ್ಬ ರೈತ ಬಂದ, ವಯಸ್ಸಾದವನು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದ. "ನಿಮ್ಮ ಕೈಲೆ ಕೊಡ್ರಿ ಯಪ್ಪಾ. ಹೋದ ವರ್ಷ ಮಗಗ ಕಚ್ಚಿತ್ತು, ನಿಮ್ಮ ಪೊಟ್ಟಣ ಮನ್ಯಾಗ ಇರಲಿಲ್ಲ. ಸಿರಿಗೇರಿಯಿಂದ ನಿಮ್ಮ ಮನಿ ತನಕ ತರೋದ್ರಾಗ ತಡ ಆತು. ಇನ್ನೊಬ್ಬ ಮಗ ಅದಾನ. ಅವಗಾರ ಇರಲಿ."

ನಾಗಮ್ಮ, ಅವನ ಗುರುತು ಆಗ ಹತ್ತಿತು. ನಮ್ಮ ಕಟ್ಟೆಯ ಮೇಲೆ ಸತ್ತವನ ಅಪ್ಪ. ಅವನಿಗೆ ನನ್ನ ಮೇಲೆ ಒಂದಿಷ್ಟೂ ಸಂಶಯವಿಲ್ಲ. ತಾನೇ ತಡ ಮಾಡಿದೆ ಎಂದುಕೊಂಡಿದ್ದಾನೆ, ವರ್ಷದಿಂದ ಹಾಗೆಯೇ ಅಂದುಕೊಂಡು ಉಂಡು ಮಲಗಿದ್ದಾನೆ.

ಪೊಟ್ಟಣ ನನ್ನ ಕೈಯಲ್ಲಿತ್ತು. ಪಕ್ಕೀರಪ್ಪ ಬಗ್ಗಿ "ಕೊಡ್ರಿ, ಕೊಡ್ರಿ" ಅಂದ.

"ನೀವು ತಡ ಮಾಡಲಿಲ್ಲ" ಅಂದೆ ಆ ಮುದುಕನಿಗೆ. "ನಿಮ್ಮ ಮಗನ್ನ ಹೊತ್ತಿಗೆ ಸರಿಯಾಗಿ ತಂದಿದ್ರಿ. ನಾನು ಬಳ್ಳಾರಿಗೆ ಕಳಸಬೇಕಾಗಿತ್ತು, ಕಳಸಲಿಲ್ಲ. ಇದು ವಿಷಕ್ಕ ನಡಿಯಂಗಿಲ್ಲ. ಇನ್ನೊಬ್ಬ ಮಗಗ ಇದನ್ನ ಕೊಡಬ್ಯಾಡ್ರಿ."

ಅವನು ಟವೆಲ್ಲು ಒಡ್ಡಿಕೊಂಡೇ ನಿಂತ. ನಾನು ಹೇಳಿದ್ದು ಅವನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ನನ್ನನ್ನು ಬಯ್ಯಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕೀರಪ್ಪ ಹಾರ ಕಿತ್ತುಕೊಂಡು ನನ್ನನ್ನು ಗಾದಿಯಿಂದ ಎಳೆದು ದಬ್ಬಿದ. "ಹುಳಕ್ಕ ಎಲಿ ಕೇಳಾಕ ಬಂದಾನಂತ, ಹುಳ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಖಾಲಿ ಬಂಡಿಯಲ್ಲಿ ವಾಪಸು ಬಂದೆವು.

ಇನ್ನು ಕೊಳ್ಳದ್ದು ಕೇಳು. ಅಗೆಯುವವರ ಕೈಗೆ ಸಿಗದ ಎತ್ತರದ ಬಂಡೆಗಳ ಸಂದಿಯಲ್ಲಿ ಒಂದಿಷ್ಟು ಬಳ್ಳಿ ಉಳಿದಿತ್ತು. ಉಚ್ಚಂಗೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದ, ನಾನು ಕೆಳಗೆ ಹಗ್ಗ ಹಿಡಿದೆ. ತಂದ ಎಲೆ ಎಲ್ಲಕ್ಕೂ ಸಾಲುವಂತಿರಲಿಲ್ಲ. ಸಾವಂತ್ರಮ್ಮ ಕೊಳ್ಳದಲ್ಲೇ ಮರದ ಹರಿವಾಣ ಮುಂದಿಟ್ಟುಕೊಂಡು "ಹೆಂಗ ಹಂಚಲಿ?" ಎಂದು ಕೇಳಿದಳು. ಎಲ್ಲಕ್ಕೂ ಕೊಟ್ಟರೆ ಎಲ್ಲವೂ ಸಾಯುತ್ತವೆ. ಬಲಿತ ಹುಳಗಳನ್ನು ಆರಿಸಿ ಎಲೆಯ ಮೇಲೆ ಬಿಟ್ಟೆವು. ಸಣ್ಣವನ್ನು ಬಿಟ್ಟುಬಿಟ್ಟೆವು. ಅವು ಎಲೆಯ ವಾಸನೆಗೆ ಹರಿವಾಣದ ಅಂಚಿನವರೆಗೆ ಬರುತ್ತಿದ್ದವು. ನಿನ್ನ ಅತ್ತಿಗೆ ಅವನ್ನು ಸೀರೆಯ ಸೆರಗಿನಿಂದ ಹಿಂದಕ್ಕೆ ಸರಿಸುತ್ತ ಅಳುತ್ತಿದ್ದಳು. ನೀನು ಇದ್ದಿದ್ದರೆ ಬೇರೆ ದಾರಿ ಹೇಳುತ್ತಿದ್ದೆಯೋ ಏನೋ. ನಮಗೆ ಅಷ್ಟೇ ತಿಳಿಯಿತು.

ಉಳಿದವು ಗೂಡಿಗೆ ಇಳಿದವು. ಬಹಳ ಇಲ್ಲ. ಕಡ್ಡಿಗೆ ನೂಲಿನಿಂದ ಸೊಂಟ ಕಟ್ಟಿಕೊಂಡು ಒಣಗಿದ ಎಲೆಯಂತೆ ಕೂತವು. ಹಕ್ಕಿ ಕುಕ್ಕದಿರಲಿ ಎಂದು ಸುಂಕಲಮ್ಮ ಹಗಲೆಲ್ಲ ಅಲ್ಲೇ ಕೂರುತ್ತಾಳೆ. "ನನ್ನ ಬೆರಳು ತಿಂದ ಕೊಳ್ಳ ಇದು. ನೋಡೇಬಿಡ್ತೀನಿ ಏನು ಹುಟ್ಟತೈತಿ" ಅನ್ನುತ್ತಾಳೆ.

ಊರಿನಲ್ಲಿ ನನ್ನನ್ನು ಈಗಲೂ ಕೆಲವರು ಮಾತಾಡಿಸುವುದಿಲ್ಲ. ಆದರೆ ಹಾವು ಕಚ್ಚಿದವರು ಮತ್ತೆ ಕಟ್ಟೆಗೆ ಬರತೊಡಗಿದ್ದಾರೆ. ದವಾಖಾನೆಗೆ ಹೋಗಿರಿ ಎಂದರೆ ಹೆದರಿ ನಿಲ್ಲುತ್ತಾರೆ. ಅಲ್ಲಿ ಯಾರನ್ನು ಕೇಳಬೇಕು, ಎಲ್ಲಿ ಕೂರಬೇಕು ಅವರಿಗೆ ತಿಳಿಯದು. ಅದಕ್ಕೆ ನಾನೂ ಅವರ ಜೊತೆ ಬಸ್ಸು ಹತ್ತುತ್ತೇನೆ. ಹೋದ ತಿಂಗಳಿನಿಂದ ಹೀಗೆ ನಡೆದಿದೆ. ಎಲ್ಲರೂ ಬದುಕಲಿಲ್ಲ. ಹೆಚ್ಚಿನವರು ಬದುಕಿದರು. ಸಿರಿಗೇರಿಯ ಆ ಮುದುಕನ ಮನೆಗೂ ಹೋಗಿದ್ದೆ. ಬಾಗಿಲಿನಲ್ಲಿ ನಿಲ್ಲಿಸಿಯೇ ಮಾತಾಡಿದ, ಒಳಗೆ ಕರೆಯಲಿಲ್ಲ. ನೀರು ಮಾತ್ರ ಕೊಟ್ಟ. ಕುಡಿದು ಬಂದೆ.

ಇಂದು ಬೆಳಿಗ್ಗೆ ಸುಂಕಲಮ್ಮ ಕೊಳ್ಳದಿಂದಲೇ ಕೂಗು ಹಾಕಿದಳು. ನಾವಿಬ್ಬರೂ ಓಡಿದೆವು. ಒಂದು ಗೂಡು ಒಡೆದಿತ್ತು. ಒದ್ದೆ ರೆಕ್ಕೆ ಮುದುಡಿಕೊಂಡು ಕಡ್ಡಿಗೆ ಜೋತುಬಿದ್ದಿತ್ತು. ಅರಿಸಿನದ ಬೊಟ್ಟಿನ ರೆಕ್ಕೆ ಬಿಚ್ಚಿ, ಒಣಗಿಸಿ, ಗಾಳಿಗೆ ಎರಡು ಸಲ ಅಲುಗಾಡಿಸಿ, ನಮ್ಮ ತಲೆಯ ಮೇಲಿಂದಲೇ ಹಾರಿ ಬಂಡೆಯಾಚೆ ಹೋಯಿತು. ನಾವು ಮೂವರೂ ಬಾಯಿ ತೆರೆದುಕೊಂಡು ನಿಂತಿದ್ದೆವು.

"ಹೆಣ್ಣೋ ಗಂಡೋ?" ಎಂದು ನಿನ್ನ ಅತ್ತಿಗೆ ಕೇಳಿದಳು. ನನಗೇನು ಗೊತ್ತು? ಇನ್ನೂ ಕೆಲವು ಗೂಡು ಒಡೆಯುವುದಿದೆ. ಕಲ್ಕತ್ತೆಯ ಕೆಲಸ ಮುಗಿದರೆ ಬಳ್ಳಾರಿಯಲ್ಲಿ ಇಳಿಯಬೇಡ, ಸೀದಾ ಇಲ್ಲಿಗೆ ಬಂದು ನೋಡಿ ಹೇಳು.

ನಿನ್ನ ಅಣ್ಣ,
ಮರಿಬಸಪ್ಪ